ಹಿಮದ ಮೇಲೆ ಗಾಲಿಗೆ ಹಿಡಿತ ಎಲ್ಲಿಂದ?

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ತುದಿಯಲ್ಲಿ, ಈರಿ ಸರೋವರದ ದಂಡೆಯ ಮೇಲೆ ಬಫಲೋ ನಗರವಿದೆ. ಚಳಿಗಾಲ ಶುರುವಾಗುವ ಹೊತ್ತಿಗೆ ಸರೋವರದ ನೀರು ಇನ್ನೂ ಹೆಪ್ಪುಗಟ್ಟಿರುವುದಿಲ್ಲ. ಅದರ ಮೇಲೆ ಹಾದು ಬರುವ ಶೀತಗಾಳಿ ತೇವವನ್ನು ಹೀರಿಕೊಂಡು, ದಡ ಮುಟ್ಟುತ್ತಿದ್ದಂತೆ ಹಿಮವಾಗಿ ಸುರಿಸುತ್ತದೆ. 2022ರ ನವೆಂಬರ್‌ನಲ್ಲಿ ಬಫಲೋದ ದಕ್ಷಿಣಕ್ಕಿರುವ ಆರ್ಚರ್ಡ್ ಪಾರ್ಕ್, ಹ್ಯಾಂಬರ್ಗ್ ಊರುಗಳಲ್ಲಿ ನಾಲ್ಕೇ ದಿನದಲ್ಲಿ ಸುಮಾರು 2 ಮೀಟರ್ ಹಿಮ ಬಿತ್ತು. ಆಳೆತ್ತರ ಮೀರಿದ ಹಿಮ.

ಇಲ್ಲಿ ಸರ್ಕಾರಿ ರಸ್ತೆಯ ಹಿಮವನ್ನು ಊರಿನ ಆಡಳಿತ ತೆಗೆಸುತ್ತದೆ. ರಸ್ತೆಯಿಂದ ಮನೆ ಬಾಗಿಲವರೆಗಿನ ದಾರಿಯ ಹೊಣೆ ಮನೆಯವರದು. ಪೇಟೆಯಲ್ಲಿ ಅದು ನಾಲ್ಕು ಹೆಜ್ಜೆ. ಹಳ್ಳಿಗಾಡಿನಲ್ಲಿ 60 ಮೀಟರ್ ಇದ್ದರೂ ಆಶ್ಚರ್ಯವಿಲ್ಲ. 60 ಮೀಟರ್ ಉದ್ದ, 4 ಮೀಟರ್ ಅಗಲದ ದಾರಿಯ ಮೇಲೆ 30 ಸೆಂಟಿಮೀಟರ್ ಹಿಮ ಬಿದ್ದರೆ 72 ಘನ ಮೀಟರ್ ಆಯಿತು. ಹಗುರವಾದ ಹೊಸ ಹಿಮ ಘನ ಮೀಟರಿಗೆ 100 ಕಿಲೋ ತೂಗುತ್ತದೆ ಎಂದುಕೊಂಡರೂ ಅದು 7 ಟನ್ ಮೀರುತ್ತದೆ. ಒದ್ದೆ ಹಿಮವಾದರೆ ಅದರ ಎರಡು ಪಟ್ಟು. ಸಲಿಕೆಯಿಂದ ಆಗುವ ಕೆಲಸವಲ್ಲ. ಹಾಗಾಗಿ ಅನೇಕರು 20ರಿಂದ 40 ಹೆಚ್‌ಪಿಯ ಸಣ್ಣ ಟ್ರ್ಯಾಕ್ಟರ್ ಇಟ್ಟುಕೊಂಡು, ಮುಂದೆ ಲೋಡರ್ ಬಕೆಟ್ ಕಟ್ಟಿ ಹಿಮ ದೂಡುತ್ತಾರೆ. ಜಪಾನಿನ ಕುಬೋಟಾ, ಅಮೆರಿಕದ ಜಾನ್ ಡಿಯರ್ ಜೊತೆಗೆ ನಮ್ಮ ಮಹೀಂದ್ರಾ ಟ್ರ್ಯಾಕ್ಟರುಗಳೂ ಈ ಕೆಲಸಕ್ಕಿವೆ.

ಮಂಡ್ಯದ ಗದ್ದೆಯಲ್ಲಿ ಟ್ರ್ಯಾಕ್ಟರ್ ಕಲಿತವನು ನಾನು. ಕೆಸರಿನಲ್ಲಿ ಹೂತ ಗಾಲಿಯನ್ನು ಎಬ್ಬಿಸಿ ಗೊತ್ತಿದ್ದವನಿಗೆ ಹಿಮ ಯಾವ ಲೆಕ್ಕ ಎಂದುಕೊಂಡಿದ್ದೆ. ಮೊದಲ ಚಳಿಗಾಲದಲ್ಲೇ ತಪ್ಪು ಅರಿವಾಯಿತು. ಗದ್ದೆಯ ಅನುಭವದಲ್ಲಿ ಅರ್ಧ ಇಲ್ಲಿ ಉಪಯೋಗಕ್ಕೆ ಬಂತು, ಉಳಿದರ್ಧ ದಾರಿ ತಪ್ಪಿಸಿತು. ಹೊಸದಾಗಿ ಟ್ರ್ಯಾಕ್ಟರ್ ಕೊಂಡ ಅನೇಕರು ಇದೇ ತಪ್ಪುಗಳನ್ನು ಮಾಡುವುದನ್ನು ನೋಡಿದ್ದೇನೆ. ಅದಕ್ಕೇ ಈ ಬರಹ.

ತಪ್ಪು ಕಲ್ಪನೆ 1: ಗಾಲಿ ಜಾರುತ್ತಿದ್ದರೆ ಹೆಚ್ಚು ಹೆಚ್‌ಪಿಯ ಟ್ರ್ಯಾಕ್ಟರ್ ಬೇಕು

ಸತ್ಯ: ಹಿಮದ ಮೇಲೆ ಎಂಜಿನ್ನಿನ ಶಕ್ತಿಯಲ್ಲಿ ಬಹುಪಾಲು ಬಳಕೆಗೇ ಬರುವುದಿಲ್ಲ. ಗಾಲಿ ನೆಲವನ್ನು ಎಷ್ಟು ಬಲವಾಗಿ ಹಿಂದಕ್ಕೆ ಒದೆಯಬಲ್ಲದು ಎಂಬುದನ್ನು ಎರಡೇ ಸಂಗತಿ ನಿರ್ಧರಿಸುತ್ತವೆ: ಗಾಲಿಯ ಮೇಲೆ ಕೂತ ತೂಕ, ರಬ್ಬರಿಗೂ ನೆಲಕ್ಕೂ ಇರುವ ಘರ್ಷಣೆ. ಒಣ ಡಾಂಬರಿನ ಮೇಲೆ ಗಾಲಿ ತನ್ನ ಮೇಲಿನ ತೂಕದ ನೂರಕ್ಕೆ 70–80ರಷ್ಟು ಬಲದಿಂದ ತಳ್ಳಬಲ್ಲದು. ತುಳಿದು ಗಟ್ಟಿಯಾದ ಹಿಮದ ಮೇಲೆ ಅದು 20–30ಕ್ಕೆ ಇಳಿಯುತ್ತದೆ. ಮಂಜುಗಡ್ಡೆಯ ಮೇಲೆ ಹತ್ತೋ, ಅದಕ್ಕಿಂತ ಕಡಿಮೆಯೋ.

ಟ್ರ್ಯಾಕ್ಟರ್ 1,200 ಕಿಲೋ ಇದೆ, ನಾಲ್ಕೂ ಗಾಲಿ ತಳ್ಳುತ್ತಿವೆ ಎಂದಿಟ್ಟುಕೊಳ್ಳಿ. ಗಟ್ಟಿ ಹಿಮದ ಮೇಲೆ ಸಿಗುವ ಬಲ ಸುಮಾರು 240 ಕಿಲೋ. ಆ ಬಲದಿಂದ ನಡಿಗೆಯ ವೇಗದಲ್ಲಿ, ಅಂದರೆ ಗಂಟೆಗೆ ಮೂರೂವರೆ ಕಿಲೋಮೀಟರಿನಂತೆ ತಳ್ಳಲು ಗಾಲಿಗೆ ಬೇಕಾದ ಶಕ್ತಿ ಬರೀ 3 ಹೆಚ್‌ಪಿ ಚಿಲ್ಲರೆ. 25 ಹೆಚ್‌ಪಿ ಎಂಜಿನ್ನಿನಲ್ಲಿ ಉಳಿದದ್ದು ಗಾಲಿಯನ್ನು ನಿಂತಲ್ಲೇ ಗಿರಗಿರ ತಿರುಗಿಸುವುದಕ್ಕಷ್ಟೇ ಸಾಲುತ್ತದೆ. ಹೀಗೆ ತಿರುಗಿದ ಗಾಲಿ ಮಾಡುವ ಅನಾಹುತವನ್ನು ಒಮ್ಮೆ ಇಳಿದು ನೋಡಬೇಕು. ಟಯರಿನ ಕೆಳಗಿದ್ದ ಹಿಮ ಉಜ್ಜಿ ಉಜ್ಜಿ ಕರಗಿ, ಕ್ಷಣದಲ್ಲಿ ಮತ್ತೆ ಹೆಪ್ಪುಗಟ್ಟಿ, ದೋಸೆಕಲ್ಲಿನಷ್ಟು ನುಣುಪಾದ ಗಾಜಿನ ಬಟ್ಟಲಿನಂತೆ ಆಗಿರುತ್ತದೆ. ಎರಡು ನಿಮಿಷದ ಹಿಂದೆ ಹಿಡಿತ ಕೊಡುತ್ತಿದ್ದ ಜಾಗ ಈಗ ಕೊಡುವುದಿಲ್ಲ. ಗಾಲಿ ಜಾರಿದ ಕೂಡಲೇ ನಿಲ್ಲಿಸಿ, ಒಂದಿಷ್ಟು ಹಿಂದೆ ಬಂದು, ಬಕೆಟ್ಟಿನ ಹೊರೆ ಕಡಿಮೆ ಮಾಡಿ. ಆಕ್ಸಿಲರೇಟರ್ ಒತ್ತಿದಷ್ಟೂ ಕೆಲಸ ಕೆಡುತ್ತದೆ.

ತಪ್ಪು ಕಲ್ಪನೆ 2: ಫೋರ್ ವೀಲ್ ಡ್ರೈವ್ ಇದ್ದರೆ ನಾಲ್ಕೂ ಗಾಲಿ ತಳ್ಳುತ್ತವೆ

ಸತ್ಯ: ನಾಲ್ಕೂ ಗಾಲಿಗೆ ಸಮಾನ ಹಿಡಿತ ಇರುವಾಗ ಮಾತ್ರ ಈ ಮಾತು ನಿಜ. ಪ್ರತಿ ಆಕ್ಸಲ್‌ನ ನಡುವೆ ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ದೂರ ಓಡಬೇಕಲ್ಲ, ಅದಕ್ಕಾಗಿ ಈ ಏರ್ಪಾಡು. ಆದರೆ ಅದು ಎಡಕ್ಕೂ ಬಲಕ್ಕೂ ಯಾವಾಗಲೂ ಸಮಾನ ಬಲವನ್ನೇ ಹಂಚುತ್ತದೆ. ಎಡಗಾಲಿ ಮಂಜುಗಡ್ಡೆಯ ಮೇಲಿದ್ದು ಹತ್ತು ಪಾಲು ಬಲಕ್ಕೇ ಜಾರಿದರೆ, ಜಲ್ಲಿಯ ಮೇಲೆ ಗಟ್ಟಿಯಾಗಿ ನಿಂತ ಬಲಗಾಲಿಗೂ ಸಿಗುವುದು ಅದೇ ಹತ್ತು ಪಾಲು. ಮುಂದೆ ಒಂದು ಗಾಲಿ, ಹಿಂದೆ ಒಂದು ಗಾಲಿ ಸುಮ್ಮನೆ ತಿರುಗುತ್ತಾ, ಉಳಿದೆರಡು ನಿಂತೇ ಇರುವ ದೃಶ್ಯ ಇಲ್ಲಿ ತೀರಾ ಸಾಮಾನ್ಯ.

ಇದಕ್ಕೆ ಮದ್ದು ಟ್ರ್ಯಾಕ್ಟರಿನಲ್ಲೇ ಇದೆ. ಹಿಮ್ಮಡಿಯ ಹತ್ತಿರ ಇರುವ ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತಿದರೆ ಹಿಂದಿನ ಎರಡೂ ಗಾಲಿ ಒಂದೇ ಅಚ್ಚಿಗೆ ಬಿಗಿದಂತೆ ಒಟ್ಟಿಗೆ ತಿರುಗುತ್ತವೆ. ಕೆಸರುಗದ್ದೆಯಲ್ಲಿ ಉಳುಮೆ ಮಾಡಿದವರಿಗೆ ಇದು ಹೊಸದಲ್ಲ. ಎರಡು ಎಚ್ಚರಿಕೆಗಳು ಮಾತ್ರ ನೆನಪಿರಲಿ. ಗಾಲಿ ಜೋರಾಗಿ ತಿರುಗುತ್ತಿರುವಾಗ ಲಾಕ್ ಹಾಕಬೇಡಿ, ಗೇರುಗಳಿಗೆ ಪೆಟ್ಟು ಬೀಳುತ್ತದೆ, ನಿಲ್ಲಿಸಿ ಹಾಕಿ. ಲಾಕ್ ಇರುವಾಗ ತಿರುಗಿಸಲು ಹೋಗಬೇಡಿ, ಟ್ರ್ಯಾಕ್ಟರ್ ನೇರಕ್ಕೇ ನುಗ್ಗುತ್ತದೆ.

ತಪ್ಪು ಕಲ್ಪನೆ 3: ತೂಕ ಎಲ್ಲಿದ್ದರೂ ತೂಕವೇ

ಸತ್ಯ: ತೂಕ ಎಷ್ಟಿದೆ ಎನ್ನುವಷ್ಟೇ ಮುಖ್ಯ ಅದು ಎಲ್ಲಿದೆ ಎನ್ನುವುದು. ಟ್ರ್ಯಾಕ್ಟರನ್ನು ಏತದ ಮರದಂತೆ ಕಲ್ಪಿಸಿಕೊಳ್ಳಿ. ಮುಂದಿನ ಬಕೆಟ್ಟಿನಲ್ಲಿ 200 ಕಿಲೋ ಒದ್ದೆ ಹಿಮ ಎತ್ತಿದಿರಿ. ಅದು ಮುಂದಿನ ಗಾಲಿಗಿಂತ 1.2 ಮೀಟರ್ ಆಚೆ ಇದೆ, ಎರಡೂ ಆಕ್ಸಲ್‌ಗಳ ನಡುವೆ 1.6 ಮೀಟರ್ ಅಂತರವಿದೆ ಎಂದುಕೊಂಡರೆ, ಹಿಂದಿನ ಗಾಲಿಗಳ ಮೇಲಿಂದ 150 ಕಿಲೋ ಎದ್ದುಹೋಗುತ್ತದೆ. ಹೆಚ್ಚು ಬಲ ನೆಲಕ್ಕೆ ಇಳಿಸಬೇಕಾದ ದೊಡ್ಡ ಗಾಲಿಗಳೇ ಹಗುರವಾಗಿಬಿಡುತ್ತವೆ.

ಇದೇ ಲೆಕ್ಕ ಹಿಂದೆ ನಮ್ಮ ಪರವಾಗಿ ಕೆಲಸ ಮಾಡುತ್ತದೆ. ಹಿಂಭಾಗದ ತ್ರೀ ಪಾಯಿಂಟ್ ಲಿಂಕೇಜಿಗೆ 300 ಕಿಲೋದ ಕಾಂಕ್ರೀಟ್ ದಿಮ್ಮಿಯನ್ನೋ, ಭಾರದ ಬ್ಲೇಡನ್ನೋ ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಆಚೆ ತೂಗುಬಿಟ್ಟರೆ, ಹಿಂದಿನ ಗಾಲಿಗಳ ಮೇಲೆ ಬೀಳುವ ಹೆಚ್ಚುವರಿ ಭಾರ 300 ಅಲ್ಲ, ಸುಮಾರು 490 ಕಿಲೋ. ಮೇಲಿನ 190 ಕಿಲೋ ಮುಂದಿನ ಆಕ್ಸಲ್‌ನಿಂದ ಹಿಂದಕ್ಕೆ ಬಂದದ್ದು. ಬಕೆಟ್ ಎತ್ತಿದಾಗ ಮುಂದಿನ ಆಕ್ಸಲ್ ಮೇಲೆ ಬೀಳುವ ಒತ್ತಡವೂ ಇದರಿಂದ ತಗ್ಗುತ್ತದೆ. ಹಾಗೆಂದು ಮಿತಿ ಮೀರಿ ತೂಕ ಹೇರಿದರೆ ಮುಂದಿನ ಗಾಲಿ ಹಗುರವಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ಎಷ್ಟು ತೂಕ ಸೇರಿಸಬಹುದು ಎಂಬುದನ್ನು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಬರೆದಿರುತ್ತಾರೆ. ಹಿಮ ತೆಗೆಯಲು ಹೊರಟವರು ಖರ್ಚು ಮಾಡುವ ಮೊದಲ ಹಣ ಇದರ ಮೇಲಿರಲಿ.

ತಪ್ಪು ಕಲ್ಪನೆ 4: ಊರಿನಲ್ಲಿ ಮಾಡಿದಂತೆ ಟಯರಿಗೆ ನೀರು ತುಂಬಿಸಿದರಾಯಿತು

ಸತ್ಯ: ಉಪಾಯ ಸರಿ, ದ್ರವ ತಪ್ಪು. ನಮ್ಮಪ್ಪ ನಾಟಿಗೆ ಮೊದಲು ಹಿಂದಿನ ಟಯರಿಗೆ ಮುಕ್ಕಾಲು ಪಾಲು ನೀರು ಹತ್ತಿಸುತ್ತಿದ್ದರು. ಜಾಕ್ ಕೊಟ್ಟು, ವಾಲ್ವ್ ನೆತ್ತಿಗೆ ಬರುವಂತೆ ಗಾಲಿ ತಿರುಗಿಸಿ, ವಾಲ್ವಿನ ಮಟ್ಟಕ್ಕೆ ನೀರು ಬಂದಾಗ ನಿಲ್ಲಿಸುವುದು. ಇಲ್ಲಿಯೂ ವಿಧಾನ ಅದೇ. ಟಯರಿನೊಳಗಿನ ತೂಕ ನೇರವಾಗಿ ನೆಲದ ಮೇಲೆ ಕೂರುತ್ತದೆ, ಆಕ್ಸಲ್‌ಗೂ ಬೇರಿಂಗಿಗೂ ಹೊರೆಯಾಗುವುದಿಲ್ಲ. ಆದರೆ ಇಲ್ಲಿನ ರಾತ್ರಿ ಮೈನಸ್ 15 ಡಿಗ್ರಿಗೆ ಇಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ ಸುಮಾರು 9ರಷ್ಟು ಹಿಗ್ಗುತ್ತದೆ. ಟಯರಿನ ತಳದಲ್ಲಿ ಬಂಡೆಯಂತಹ ಗಡ್ಡೆ ಕೂತು, ಗಾಲಿ ಉರುಳಿದಾಗೆಲ್ಲ ಟಯರು, ಟ್ಯೂಬು ಎರಡಕ್ಕೂ ಹಾನಿ.

ಅದಕ್ಕೇ ಇಲ್ಲಿನವರು ಬೇರೆ ದ್ರವಗಳನ್ನು ಬಳಸುತ್ತಾರೆ. ಹಿಂದಿನ ಕಾಲದಿಂದ ಇದ್ದದ್ದು ಕ್ಯಾಲ್ಸಿಯಂ ಕ್ಲೋರೈಡ್ ಕಲೆಸಿದ ನೀರು. ಅದು ನೀರಿಗಿಂತ ಹೆಚ್ಚು ತೂಗುತ್ತದೆ, ಸರಿಯಾಗಿ ಬೆರೆಸಿದರೆ ಮೈನಸ್ 40 ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಆದರೆ ಒಂದು ಹನಿ ಸೋರಿದರೂ ಗಾಲಿಯ ಕಬ್ಬಿಣದ ರಿಮ್ಮನ್ನು ತುಕ್ಕು ತಿನ್ನುತ್ತದೆ. ಈಗ ಅನೇಕರ ಆಯ್ಕೆ ಬೀಟ್ ರಸ. ಸಕ್ಕರೆ ಬೀಟಿನಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ದ್ರವ ಇದು. ಲೀಟರಿಗೆ ಸುಮಾರು 1.28 ಕಿಲೋ ತೂಗುತ್ತದೆ, ಮೈನಸ್ 35 ಡಿಗ್ರಿಯವರೆಗೂ ಹರಿಯುತ್ತದೆ, ರಿಮ್ಮನ್ನು ತಿನ್ನುವುದಿಲ್ಲ. ಒಂದು ಟಯರಿಗೆ 100 ಲೀಟರ್ ಹಿಡಿಸಿದರೆ ಎರಡು ಗಾಲಿಗೆ 250 ಕಿಲೋ ಮೀರಿದ ತೂಕ ಸಿಕ್ಕಂತಾಯಿತು. ಕಡಿಮೆ ಖರ್ಚಿನ ದಾರಿ ಕಾರಿನ ಗಾಜು ತೊಳೆಯುವ ಚಳಿಗಾಲದ ವಾಷರ್ ದ್ರವ. ಹೆಪ್ಪುಗಟ್ಟದಿದ್ದರೂ ಅದು ನೀರಿಗಿಂತ ಕೊಂಚ ಹಗುರ. ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ಮಾತ್ರ ಬೇಡವೇ ಬೇಡ. ಅದರ ರುಚಿ ಸಿಹಿ. ಸೋರಿದ್ದನ್ನು ನೆಕ್ಕಿದ ನಾಯಿ ಬೆಕ್ಕು ಉಳಿಯುವುದು ಕಷ್ಟ.

ತಪ್ಪು ಕಲ್ಪನೆ 5: ಟಯರಿನ ಹಲ್ಲು ದೊಡ್ಡದಿದ್ದಷ್ಟೂ ಹಿಡಿತ ಹೆಚ್ಚು

ಸತ್ಯ: ಇದು ಗದ್ದೆಯ ಪಾಠ. ಹಿಮದಲ್ಲಿ ಪೂರ್ತಿ ನಿಲ್ಲುವುದಿಲ್ಲ. ನಮ್ಮೂರಿನ ಟ್ರ್ಯಾಕ್ಟರುಗಳಿಗಿರುವ, ಬಾಣದ ಆಕಾರದ ಎತ್ತರದ ಪಟ್ಟಿಗಳ ಟಯರನ್ನು ಆರ್-1 ಎನ್ನುತ್ತಾರೆ. ಆಳವಾದ ಸಡಿಲ ಹಿಮದಲ್ಲಿ ಅದು ಮಣ್ಣಿಗೆ ಕಚ್ಚಿದಂತೆಯೇ ಕಚ್ಚಿ, ತುಂಬಿಕೊಂಡ ಹಿಮವನ್ನು ಹೊರಕ್ಕೆ ಉಗುಳುತ್ತದೆ. ಆದರೆ ಗಟ್ಟಿಯಾಗಿ ತುಳಿದ ಹಿಮದ ಮೇಲೆ ಕಚ್ಚಲು ಮಣ್ಣೂ ಇಲ್ಲ, ಕೆಸರೂ ಇಲ್ಲ. ಅಲ್ಲಿ ಬೇಕಾದದ್ದು ಎತ್ತರದ ಹಲ್ಲಲ್ಲ, ಹೆಚ್ಚು ಅಂಚುಗಳು.

ಸಣ್ಣ ಟ್ರ್ಯಾಕ್ಟರುಗಳಿಗೆ ಹೆಚ್ಚಾಗಿ ಬರುವುದು ಆರ್-4 ಎಂಬ ಕೈಗಾರಿಕಾ ಟಯರು. ಅಗಲವಾದ ಗಟ್ಟಿ ರಬ್ಬರಿನ ದಿಮ್ಮಿಗಳು, ನಡುವೆ ತೆಳು ಸೀಳುಗಳಿಲ್ಲ. ಲೋಡರ್ ಹೊರೆ ಹೊರಲು, ಮುಳ್ಳು ಕಲ್ಲು ತಾಳಲು ಅದು ಒಳ್ಳೆಯದು. ಮಂಜುಗಡ್ಡೆಯ ಮೇಲೆ ಮಾತ್ರ ಸಾಬೂನಿನ ಮೇಲಿಟ್ಟ ಹಲಗೆಯಂತೆ ಜಾರುತ್ತದೆ. ಹುಲ್ಲುಹಾಸಿಗೆಂದು ಮಾಡಿದ, ಸಣ್ಣ ಸಣ್ಣ ಗುಬುಟುಗಳ ಆರ್-3 ಟಯರು ತುಳಿದ ಹಿಮದ ಮೇಲೆ ಅದಕ್ಕಿಂತ ಎಷ್ಟೋ ವಾಸಿ. ಅದರ ನೂರಾರು ಸಣ್ಣ ಸಂದುಗಳಲ್ಲಿ ಹಿಮ ತುಂಬಿ, ಆ ಹಿಮ ನೆಲದ ಹಿಮಕ್ಕೆ ಅಂಟಿಕೊಳ್ಳುತ್ತದೆ. ನೋಡಲು ಬಡಕಲಾದ ಟಯರು ಇಲ್ಲಿ ಗೆಲ್ಲುವುದು ಈ ಕಾರಣಕ್ಕೆ. ಹೀಗಾಗಿ ಟ್ರ್ಯಾಕ್ಟರ್ ಕೊಳ್ಳುವಾಗ ವರ್ಷದ ಉಳಿದ ಕೆಲಸಗಳನ್ನೂ ನೆನೆದು ಟಯರು ಆರಿಸಿ. ಈಗಾಗಲೇ ಆರ್-4 ಇದ್ದರೆ ಬದಲಿಸುವ ಆತುರ ಬೇಡ, ಅದಕ್ಕೆ ಚೈನು ಉತ್ತರ.

ತಪ್ಪು ಕಲ್ಪನೆ 6: ತೂಕ ಹೆಚ್ಚಾದರೆ ಒತ್ತಡಕ್ಕೆ ಮಂಜು ಕರಗಿ ಇನ್ನಷ್ಟು ಜಾರುತ್ತದೆ, ಚಳಿ ಹೆಚ್ಚಿದಷ್ಟೂ ಜಾರು ಹೆಚ್ಚು

ಸತ್ಯ: ಎರಡೂ ಸುಳ್ಳು. ಒತ್ತಡ ಮಂಜುಗಡ್ಡೆಯ ಕರಗುವ ಬಿಂದುವನ್ನು ತಗ್ಗಿಸುತ್ತದೆ ಎಂಬುದು ದಿಟ. 1886ರಲ್ಲಿ ವಿಜ್ಞಾನಿ ಜಾನ್ ಜೋಲಿ ಸ್ಕೇಟಿಂಗ್ ಜಾರುವಿಕೆಗೆ ಇದೇ ಕಾರಣ ಎಂದರು, ಪಠ್ಯಪುಸ್ತಕಗಳಲ್ಲೂ ಅದು ಉಳಿಯಿತು. ಆದರೆ ಲೆಕ್ಕ ಹಾಕಿ ನೋಡಿ: ಒಂದು ವಾಯುಭಾರದ ಒತ್ತಡಕ್ಕೆ ಕರಗುವ ಬಿಂದು ಇಳಿಯುವುದು ಬರೀ 0.0074 ಡಿಗ್ರಿ. ಟ್ರ್ಯಾಕ್ಟರ್ ಟಯರು ನೆಲದ ಮೇಲೆ ಹಾಕುವ ಒತ್ತಡ ಒಂದೆರಡು ವಾಯುಭಾರ. ಮೈನಸ್ 10 ಡಿಗ್ರಿಯ ಮಂಜನ್ನು ಅದು ಕರಗಿಸುವ ಮಾತೇ ಇಲ್ಲ.

ಮಂಜುಗಡ್ಡೆ ಜಾರುವುದು ಅದರ ಮೇಲ್ಮೈಯಲ್ಲಿ ಸದಾ ಇರುವ, ನೀರಿನಂತಹ ಅತಿ ತೆಳುವಾದ ಪದರದಿಂದ. 1850ರಲ್ಲೇ ಮೈಕೆಲ್ ಫ್ಯಾರಡೆ ಇದನ್ನು ಊಹಿಸಿದ್ದರು. ಉಜ್ಜುವ ಶಾಖವೂ ಇದಕ್ಕೆ ಕೂಡಿಕೊಳ್ಳುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಆ ಪದರ ದಪ್ಪ, ಜಾರೂ ಹೆಚ್ಚು. ಹಾಗಾಗಿ ಮೈನಸ್ 20ರ ಕಡುಚಳಿಗಿಂತ, ಬಿಸಿಲು ಬಂದು ಮೇಲ್ಮೈ ಒದ್ದೆಯಾದ ಸೊನ್ನೆ ಡಿಗ್ರಿಯ ಮಧ್ಯಾಹ್ನ ಹೆಚ್ಚು ಅಪಾಯ. ಚಳಿ ಕಡಿಮೆಯಾಯಿತೆಂದು ನಿರಾಳವಾಗುವ ಹೊತ್ತಿನಲ್ಲೇ ಎಚ್ಚರ ಹೆಚ್ಚಬೇಕು.

ತಪ್ಪು ಕಲ್ಪನೆ 7: ಯಾವುದೋ ಒಂದು ಚೈನು ಸುತ್ತಿದರೆ ಸಾಕು

ಸತ್ಯ: ಮಂಜುಗಡ್ಡೆಯ ಮೇಲೆ ಟಯರಿನ ಚೈನಿಗೆ ಸಮನಾದದ್ದು ಬೇರೆ ಇಲ್ಲ. ಕೆಸರಿಗೆ ಕೇಜ್ ವೀಲ್ ಹೇಗೋ ಮಂಜಿಗೆ ಚೈನು ಹಾಗೆ. ಟ್ರ್ಯಾಕ್ಟರಿನ ಭಾರವೆಲ್ಲ ಕೆಲವು ಉಕ್ಕಿನ ಕೊಂಡಿಗಳ ಮೇಲೆ ಕೂತು, ಅವು ಮಂಜಿಗೆ ಇಳಿಯುತ್ತವೆ. ಆದರೆ ಚೈನು ಟಯರಿಗೆ ಹೊಂದಬೇಕು. ಏಣಿಯ ಮೆಟ್ಟಿಲಿನಂತೆ ಅಡ್ಡ ಸರಪಳಿ ಮಾತ್ರ ಇರುವ ಚೈನನ್ನು ಆರ್-1 ಟಯರಿಗೆ ಹಾಕಿದರೆ, ಅಡ್ಡ ಸರಪಳಿಗಳು ಎತ್ತರದ ಪಟ್ಟಿಗಳ ನಡುವಿನ ಗುಂಡಿಗೆ ಬಿದ್ದು ನೆಲವನ್ನೇ ಮುಟ್ಟುವುದಿಲ್ಲ. ಅಂತಹ ಟಯರಿಗೆ ಅಡ್ಡ ಸರಪಳಿಗಳನ್ನು ಉದ್ದ ಸರಪಳಿಯೂ ಬೆಸೆದಿರುವ ಮಾದರಿ ಬೇಕು. ಏಣಿ ಚೈನಿನ ಮೆಟ್ಟಿಲುಗಳು ದೂರದೂರವಿದ್ದರೆ ಟ್ರ್ಯಾಕ್ಟರ್ ಕುಲುಕುತ್ತದೆ, ಎರಡು ಮೆಟ್ಟಿಲ ನಡುವೆ ಹಿಡಿತ ತಪ್ಪುತ್ತದೆ. ಒತ್ತೊತ್ತಾಗಿದ್ದರೆ ಯಾವಾಗಲೂ ಒಂದಾದರೂ ನೆಲದ ಮೇಲಿರುತ್ತದೆ.

ಹಾಕುವ ಕ್ರಮವನ್ನು ನೆರೆಯ ಹಿರಿಯ ಹೈನು ರೈತರೊಬ್ಬರು ನನಗೆ ತೋರಿಸಿಕೊಟ್ಟರು. ಮೊದಲ ಹಿಮ ಬೀಳುವ ಮೊದಲೇ, ಬೆರಳು ಮರಗಟ್ಟದ ದಿನದಲ್ಲಿ, ಸಮತಟ್ಟು ನೆಲದ ಮೇಲೆ ಚೈನನ್ನು ಟಯರಿನ ಮೇಲೆ ಹೊದಿಸಿ, ಸಿಕ್ಕು ಬಿಡಿಸಿ, ಒಳಗಿನ ಕೊಕ್ಕೆ ಮೊದಲು ಸಿಕ್ಕಿಸಿ, ಆಮೇಲೆ ಹೊರಗಿನದು. ಹತ್ತು ಮೀಟರ್ ಮುಂದೆ ಹೋಗಿ, ನಿಲ್ಲಿಸಿ, ಸಡಿಲವಾದದ್ದನ್ನು ಮತ್ತೆ ಬಿಗಿಯುವುದು. ಅವರು ಕೊನೆಗೆ ಮಡ್‌ಗಾರ್ಡ್ ಮತ್ತು ಟಯರಿನ ನಡುವೆ ಕೈ ಇಟ್ಟು ಸಂದು ಅಳೆದರು. ಸಡಿಲ ಚೈನು ತಿರುಗುವಾಗ ಎಗರುತ್ತದೆ. ಸಂದು ಕಡಿಮೆಯಿದ್ದರೆ ಮಡ್‌ಗಾರ್ಡನ್ನೋ ಹೈಡ್ರಾಲಿಕ್ ಪೈಪನ್ನೋ ಹರಿಯುತ್ತದೆ. ಒಂದೇ ಜೊತೆ ಕೊಳ್ಳುವುದಾದರೆ ಹಿಂದಿನ ಗಾಲಿಗೇ ಹಾಕಿ. ಡಾಂಬರು ಕಂಡ ಜಾಗದಲ್ಲಿ ಮೆಲ್ಲಗೆ ಓಡಿಸಿ, ಚೈನು ಅದರ ಮೇಲೆ ಗೀರು ಬೀಳಿಸುತ್ತದೆ.

ತಪ್ಪು ಕಲ್ಪನೆ 8: ಬಕೆಟ್ಟನ್ನು ಒತ್ತಿ ಹಿಡಿದರೆ ನೆಲ ಚೊಕ್ಕವಾಗುತ್ತದೆ

ಸತ್ಯ: ಹೈಡ್ರಾಲಿಕ್ ಬಲದಿಂದ ಬಕೆಟ್ಟನ್ನು ಕೆಳಕ್ಕೆ ಒತ್ತಿದಷ್ಟೂ ಮುಂದಿನ ಗಾಲಿಗಳು ಮೇಲಕ್ಕೆ ಏಳುತ್ತವೆ. ಒಂದು ಕಡೆಯಿಂದ ತಳ್ಳುವ ಬಲ ಹೋಯಿತು, ಇನ್ನೊಂದು ಕಡೆಯಿಂದ ಸ್ಟೇರಿಂಗ್ ಹೋಯಿತು. ಲೋಡರ್ ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿದರೆ ಅದು ಫ್ಲೋಟ್ ಸ್ಥಾನದಲ್ಲಿ ಕೂರುತ್ತದೆ. ಆಗ ಬಕೆಟ್ ಬರೀ ತನ್ನ ತೂಕದಿಂದ ನೆಲದ ಏರಿಳಿತಕ್ಕೆ ತಕ್ಕಂತೆ ತೇಲುತ್ತಾ ಕೆರೆಯುತ್ತದೆ, ಟ್ರ್ಯಾಕ್ಟರಿನ ತೂಕ ಗಾಲಿಗಳ ಮೇಲೇ ಉಳಿಯುತ್ತದೆ. ಜಲ್ಲಿ ದಾರಿಯಾದರೆ, ನೆಲ ಹೆಪ್ಪುಗಟ್ಟುವವರೆಗೆ ಬಕೆಟ್ಟಿನ ಅಂಚಿಗೆ ಉದ್ದಕ್ಕೆ ಸೀಳಿದ ಕಬ್ಬಿಣದ ಪೈಪು ತೊಡಿಸುತ್ತಾರೆ. ಜಲ್ಲಿ ಅಲ್ಲೇ ಉಳಿಯುತ್ತದೆ, ಹಿಮ ಮಾತ್ರ ಬರುತ್ತದೆ.

ಇದರೊಂದಿಗೇ ಇನ್ನೊಂದು ಮಾತು. ಎಲ್ಲ ಬಿದ್ದು ಮುಗಿದ ಮೇಲೆ ಒಂದೇ ಸಲ ತೆಗೆಯೋಣ ಎಂದು ಕಾಯಬೇಡಿ. ಕಾರು ಓಡಾಡಿ ತುಳಿದ ಹಿಮ ರಾತ್ರಿ ಕಳೆಯುವುದರೊಳಗೆ ಮಂಜುಗಡ್ಡೆ. ಗೇಣುದ್ದ ಬಿದ್ದಾಗಲೇ ಒಮ್ಮೆ ತೆಗೆದರೆ, ಹಿಡಿತದ ಸಮಸ್ಯೆ ಹುಟ್ಟುವ ಮೊದಲೇ ಅರ್ಧ ಬಗೆಹರಿದಿರುತ್ತದೆ.

ತಪ್ಪು ಕಲ್ಪನೆ 9: ಏರು ಹತ್ತಿದ ಟ್ರ್ಯಾಕ್ಟರ್ ಇಳಿಜಾರೂ ಇಳಿಯುತ್ತದೆ

ಸತ್ಯ: ಜೀವಕ್ಕೆ ಸಂಬಂಧಿಸಿದ ತಪ್ಪು ಇದು, ಅದಕ್ಕೇ ಕೊನೆಗೆ ಇಟ್ಟಿದ್ದೇನೆ. ಸಾಮಾನ್ಯವಾಗಿ ಸಣ್ಣ ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ಇಳಿಜಾರಿನಲ್ಲಿ ತೂಕ ಮುಂದಕ್ಕೆ ವಾಲುತ್ತದೆ, ಮುಂದೆ ಬಕೆಟ್ ತುಂಬಿದ್ದರೆ ಇನ್ನೂ ಹೆಚ್ಚು. ಬ್ರೇಕು ಇರುವ ಗಾಲಿಗಳೇ ಹಗುರವಾಗಿ, ಒತ್ತಿದಾಗ ಜಾಮ್ ಆಗಿ ಜಾರುತ್ತವೆ. ಮೊದಲ ಚಳಿಗಾಲದಲ್ಲಿ ನನಗೆ ಹೀಗೇ ಆಯಿತು. ಹಿಂದೆ ತೂಕ ಕಟ್ಟಿರಲಿಲ್ಲ, ಹಿಮ ಕಡಿಮೆಯಿದೆಯೆಂದು ಫೋರ್ ವೀಲ್ ತೆಗೆದಿದ್ದೆ. ಬ್ರೇಕ್ ಪೆಡಲ್ ತಳಮುಟ್ಟ ಒತ್ತಿದ್ದರೂ ಟ್ರ್ಯಾಕ್ಟರ್ ಸದ್ದಿಲ್ಲದೆ ಜಾರುತ್ತಾ ದಾರಿಯ ಕೊನೆಯ ಮೇಪಲ್ ಮರದವರೆಗೆ ಹೋಯಿತು. ಬಕೆಟ್ ಕೆಳಗಿಳಿಸಿ ನೆಲಕ್ಕೆ ಊರಿದ ಮೇಲೆಯೇ ನಿಂತದ್ದು. ಮರಕ್ಕೂ ನನಗೂ ಒಂದು ಮಾರು ಅಂತರವಿತ್ತು.

ಫೋರ್ ವೀಲ್ ಹಾಕಿದ್ದರೆ ಮುಂದಿನ ಗಾಲಿಗಳೂ ಹಿಂದಿನವುಗಳ ಜೊತೆ ಗೇರಿನಿಂದ ಕೂಡಿಕೊಂಡು ನಾಲ್ಕೂ ಗಾಲಿಗೆ ಬ್ರೇಕು ಸಿಕ್ಕಂತಾಗುತ್ತದೆ. ಆದ್ದರಿಂದ ಇಳಿಯುವಾಗ ಫೋರ್ ವೀಲ್ ಕಡ್ಡಾಯ, ಕೆಳಗಿನ ಗೇರ್ ಕಡ್ಡಾಯ, ಬಕೆಟ್ ಮೊಣಕಾಲಿನ ಮಟ್ಟಕ್ಕಿಂತ ಕೆಳಗೆ. ಉರುಳಿದರೆ ಕಾಪಾಡುವ ಕಬ್ಬಿಣದ ಕಮಾನನ್ನು ಮೇಲೆತ್ತಿ ನಿಲ್ಲಿಸಿ, ಸೀಟ್ ಬೆಲ್ಟ್ ಕಟ್ಟಿಕೊಳ್ಳಿ. ಬೆಲ್ಟ್ ಇಲ್ಲದಿದ್ದರೆ ಕಮಾನಿನಿಂದ ಪೂರ್ತಿ ರಕ್ಷಣೆ ಸಿಗುವುದಿಲ್ಲ.

ಹಿಮದಲ್ಲಿ ಕೆಲಸ ಮಾಡುವವರೆಲ್ಲರಿಗೂ ನನ್ನ ಕೋರಿಕೆ ಇಷ್ಟು: ಮೊದಲು ಹಿಂದೆ ತೂಕ ಕಟ್ಟಿ, ಆಮೇಲೆ ಟಯರಿಗೆ ಹೆಪ್ಪುಗಟ್ಟದ ದ್ರವ ತುಂಬಿಸಿ, ಮಂಜುಗಡ್ಡೆ ಇರುವ ಊರಾದರೆ ಚೈನು ಹಾಕಿ. ಎಲ್ಲ ಆದ ಮೇಲೂ ನಿಧಾನವಾಗಿ ಓಡಿಸಿ. ಮುಂದೆ ಹೋಗಲು ಬೇಕಾದ ಹಿಡಿತ ಸಿಗದಿದ್ದರೆ ಆ ದಿನದ ಕೆಲಸ ನಿಲ್ಲುತ್ತದೆ, ಅಷ್ಟೇ. ನಿಲ್ಲಲು ಬೇಕಾದ ಹಿಡಿತ ಸಿಗದಿದ್ದರೆ ಜೀವಕ್ಕೇ ಕುತ್ತು. ಹಾಗಾಗಿ ಟ್ರ್ಯಾಕ್ಟರ್ ಹೊರಗೆ ತೆಗೆದ ದಿನ, ದೂಡುವ ಮೊದಲು ಸಮತಟ್ಟು ಜಾಗದಲ್ಲಿ ಒಮ್ಮೆ ಬ್ರೇಕ್ ಒತ್ತಿ ನೋಡಿ. ಎಷ್ಟು ದೂರ ಜಾರಿತು ಎಂಬುದೇ ಆ ದಿನ ಎಷ್ಟು ವೇಗದಲ್ಲಿ ಹೋಗಬೇಕು ಎಂಬುದನ್ನು ಹೇಳುತ್ತದೆ.